ಸೇತುವೆ ಬಿಚ್ಚುವುದನ್ನು ನೋಡಹೋದವರು

ಸೇತುವೆಯೊಂದನ್ನು ಕಟ್ಟಿ ಮುಗಿಸಿದಾಗ ನಡೆಯುವ ಸಂಭ್ರಮ ನಮಗೆಲ್ಲ ಪರಿಚಿತವಾದದ್ದೇ. ತಳಿರುತೋರಣ, ವಾಲಗ, ಗಣ್ಯರ ಭಾಷಣ, ಕತ್ತರಿಸುವುದಕ್ಕೆಂದೇ ಕಟ್ಟಿದ ರೇಷ್ಮೆಯ ದಾರ, ಮೊದಲ ಬಂಡಿಯಲ್ಲಿ ಕುಳಿತು ದಾಟುವ ಹುರುಪು, ಎಲ್ಲವೂ ಇರುತ್ತವೆ. ಅದೇ ಸೇತುವೆಗೆ ಮುಪ್ಪು ಬಂದು ಅದನ್ನು ಕೆಡಹಬೇಕಾದ ದಿನ ಕಂತ್ರಾಟುದಾರನ ಆಳುಗಳ ಹೊರತು ಅಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಇದ್ದರೂ ಸಿಡಿಮದ್ದಿನ ಸದ್ದು ಕೇಳಲು ಬಂದ ಹುಡುಗರು ಇರುತ್ತಾರೆ. ಕಟ್ಟುವುದು ವಿದ್ಯೆ, ಕೆಡಹುವುದು ಬರಿಯ ಕೂಲಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಭಾವನೆ ತಪ್ಪೆಂದು ತಿಳಿದ ಕೆಲವು ಇಂಜಿನಿಯರುಗಳು ಒಂದು ಹಳೆಯ ಸೇತುವೆಯನ್ನು ಬಿಚ್ಚುವ ಕಾಲದಲ್ಲಿ ಅಲ್ಲಿಗೆ ಹೋಗಿ ನೋಡಿ ಬರಲು ಮಾಡಿಕೊಂಡ ಏರ್ಪಾಡನ್ನು ಕುರಿತು ಇವೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕನ್ನಡ ಕಲಿಸುತ್ತ ಆಯುಷ್ಯ ಕಳೆದವನು; ಉಕ್ಕಿನ ಲೆಕ್ಕಾಚಾರ ನನ್ನದಲ್ಲ. ಆದರೆ ಆ ತಂಡದ ಕಾರ್ಯದರ್ಶಿಯಾಗಿದ್ದವಳು ನನ್ನ ಮಗಳು. ದಸರಾ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು 2015ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳನ್ನು ನಾನು ಅಮೆರಿಕದ ಫ್ರೀಮಾಂಟ್ ಊರಿನ ಅವಳ ಮನೆಯಲ್ಲಿ ಕಳೆದೆ. ಏರ್ಪಾಡಿನ ಬಹುಪಾಲು ನಡೆದದ್ದು ಅವಳ ಊಟದ ಮೇಜಿನ ಮೇಲೆ. ಅದಕ್ಕೆ ನಾನು ಸಾಕ್ಷಿ.

ಮೊದಲು ಸೇತುವೆಯ ವಿಷಯ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಓಕ್ಲೆಂಡ್ ನಗರಗಳು ಒಂದು ಕೊಲ್ಲಿಯ ಎರಡು ದಡಗಳಲ್ಲಿವೆ. ನಡುವೆ ಯೆರ್ಬಾ ಬ್ಯೂನಾ ಎಂಬ ಪುಟ್ಟ ದ್ವೀಪ. ಈ ನೀರಿನ ಮೇಲೆ, ಆರ್ಥಿಕ ಮುಗ್ಗಟ್ಟಿನ ಕಠಿಣ ವರ್ಷಗಳಲ್ಲಿ ಕಟ್ಟಿ 1936ರ ನವೆಂಬರ್ 12ರಂದು ಸಂಚಾರಕ್ಕೆ ತೆರೆದ ಸೇತುವೆಯೇ ಬೇ ಬ್ರಿಜ್. ಚಿತ್ರಗಳಲ್ಲಿ ನಾವೆಲ್ಲ ಕಂಡಿರುವ ಗೋಲ್ಡನ್ ಗೇಟ್ ಸೇತುವೆ ಇದಕ್ಕಿಂತ ಆರು ತಿಂಗಳು ಕಿರಿಯದು. ಚೆಲುವಿನ ಕೀರ್ತಿಯೆಲ್ಲ ತಂಗಿಗೆ ಹೋಯಿತು, ದುಡಿಮೆಯೆಲ್ಲ ಅಕ್ಕನ ಪಾಲಿಗೆ ಬಂತು. ಚಾರ್ಲ್ಸ್ ಪರ್ಸೆಲ್ ಇದರ ಮುಖ್ಯ ಇಂಜಿನಿಯರ್. ದ್ವೀಪದ ಪಶ್ಚಿಮಕ್ಕೆ ಎರಡು ತೂಗುಸೇತುವೆಗಳನ್ನು ಒಂದರ ಬೆನ್ನಿಗೊಂದು ಜೋಡಿಸಿದರು. ದ್ವೀಪದೊಳಗೆ ಸುರಂಗ ಕೊರೆದರು. ಪೂರ್ವಕ್ಕೆ ಕ್ಯಾಂಟಿಲಿವರ್ ಎಂಬ ಜಾತಿಯ ಒಂದು ದೊಡ್ಡ ಉಕ್ಕಿನ ಸೇತುವೆಯನ್ನೂ ಅದರ ಬಾಲದಂತೆ ಓಕ್ಲೆಂಡ್ ದಡದವರೆಗೆ ಉಕ್ಕಿನ ಜಾಲರಿಯ ತೊಲೆಗಳ ಸಾಲನ್ನೂ ಕಟ್ಟಿದರು. ಆ ಕ್ಯಾಂಟಿಲಿವರಿನ ನಡುವಣ ಅಂತರ 1400 ಅಡಿ. ಅಂದಿಗೆ ಅದು ಅಮೆರಿಕದಲ್ಲೇ ಆ ಜಾತಿಯಲ್ಲಿ ಅತಿ ದೊಡ್ಡದು. ಮೇಲೊಂದು, ಕೆಳಗೊಂದು, ಹೀಗೆ ಎರಡು ಅಂತಸ್ತಿನ ರಸ್ತೆ. ಕೆಳಗಿನ ಅಂತಸ್ತಿನಲ್ಲಿ ಲಾರಿಗಳ ಜೊತೆಗೆ 1939ರಿಂದ 1958ರವರೆಗೆ ವಿದ್ಯುತ್ ರೈಲುಗಳೂ ಓಡಿದವು.

ಈ ಸೇತುವೆಯ ಹಣೆಬರಹ ಬದಲಾದದ್ದು 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ. ಲೋಮಾ ಪ್ರಿಯೇಟಾ ಎಂದು ಹೆಸರಾದ ಭೂಕಂಪ ಸುಮಾರು 15 ಸೆಕೆಂಡುಗಳ ಕಾಲ ನೆಲವನ್ನು ಅಲ್ಲಾಡಿಸಿತು. ಅಂದು ಕೊಲ್ಲಿಯ ಎರಡು ದಡದ ತಂಡಗಳ ನಡುವೆಯೇ ಬೇಸ್‌ಬಾಲಿನ ದೊಡ್ಡ ಪಂದ್ಯವಿದ್ದು ಜನ ಬೇಗ ಮನೆ ಸೇರಿದ್ದರು. ರಸ್ತೆಗಳಲ್ಲಿ ಎಂದಿನ ಸಂದಣಿ ಇರಲಿಲ್ಲ. ಪೂರ್ವಭಾಗದ ಇ-9 ಎಂಬ ಕಂಬದ ಬಳಿ ಮೇಲಂತಸ್ತಿನ ರಸ್ತೆಯ 50 ಅಡಿಯ ತುಂಡೊಂದು ಕೆಳಗಿನ ಅಂತಸ್ತಿನ ಮೇಲೆ ಕುಸಿಯಿತು. ಸೇತುವೆಯ ಮೇಲೆ ಒಂದು ಜೀವ ಹೋಯಿತು. ಅದೇ ಹೊತ್ತಿಗೆ ಓಕ್ಲೆಂಡಿನೊಳಗಿನ ಎರಡಂತಸ್ತಿನ ಮೇಲ್ರಸ್ತೆ ಕುಸಿದು 42 ಮಂದಿ ಸತ್ತರು. ಸೇತುವೆಯನ್ನು ಒಂದೇ ತಿಂಗಳಲ್ಲಿ ದುರಸ್ತಿ ಮಾಡಿ ತೆರೆದರು, ನಿಜ. ಆದರೆ ಇನ್ನೂ ದೊಡ್ಡ ಕಂಪನ ಬಂದರೆ ಪೂರ್ವಭಾಗ ಉಳಿಯದೆಂಬ ಅರಿವು ಹುಟ್ಟಿತು. ಪಶ್ಚಿಮದ ತೂಗುಸೇತುವೆಗಳ ಕಂಬಗಳು ಬಂಡೆಯ ಮೇಲೆ ನಿಂತಿವೆ, ಪೂರ್ವದವು ಕೆಸರಿನಲ್ಲಿ. ಬಲಪಡಿಸುವುದೇ, ಹೊಸತು ಕಟ್ಟುವುದೇ ಎಂಬ ವಾದ ವರ್ಷಗಟ್ಟಲೆ ನಡೆದು ಕೊನೆಗೆ ಪಕ್ಕದಲ್ಲಿಯೇ ಹೊಸ ಸೇತುವೆ ಎದ್ದಿತು. ಅದು ತೆರೆದದ್ದು 2013ರ ಸೆಪ್ಟೆಂಬರ್ 2ರಂದು. ಹೊಸದು ನಿರ್ದೋಷವಾಗಿತ್ತೆಂದು ತಿಳಿಯಬೇಡಿ. ತೆರೆಯುವುದಕ್ಕೆ ಆರು ತಿಂಗಳ ಮುಂಚೆ, ಅದರ ಬುಡಕ್ಕೆ ಬಿಗಿದಿದ್ದ 96 ಉಕ್ಕಿನ ಸರಳುಗಳಲ್ಲಿ 32 ಮುರಿದುಹೋಗಿ ಬೇರೊಂದು ಬಿಗಿಪಟ್ಟು ಹಾಕಬೇಕಾಯಿತು.

ಹಳೆಯದನ್ನು ನೆನಪಿಗೆಂದು ಹಾಗೆಯೇ ಬಿಡಬಾರದಿತ್ತೇ ಎಂದು ನಾನು ಮಗಳನ್ನು ಕೇಳಿದೆ. 2001ರಲ್ಲಿಯೇ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿತ್ತು. ನಮ್ಮಲ್ಲಿಯಂತೆ ಅಲ್ಲಿಯೂ ಪಟ್ಟಿಯಲ್ಲಿ ಹೆಸರಿದ್ದರೆ ಅಮರತ್ವ ಬಂತೆಂದು ಜನ ನಂಬುತ್ತಾರೆ. ಹಾಗೇನೂ ಇಲ್ಲ. ಸರ್ಕಾರದ ಹಣದಲ್ಲಿ ಅಂಥ ಕಟ್ಟಡಕ್ಕೆ ಕೈ ಹಾಕುವವರು ಮೊದಲು ಅದರ ಬೆಲೆಯನ್ನು ವಿಚಾರಿಸಬೇಕು, ಉಳಿಸಲಾಗದಿದ್ದರೆ ದಾಖಲೆಯನ್ನಾದರೂ ಮಾಡಿಡಬೇಕು ಎಂದು 1966ರ ಕಾನೂನು ಹೇಳುತ್ತದೆ, ಅಷ್ಟೇ. ಇಂಥ ದಾಖಲೆಗಾಗಿ 1969ರಲ್ಲಿ ಒಂದು ವ್ಯವಸ್ಥೆಯೂ ಹುಟ್ಟಿತು. ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಸಿವಿಲ್ ಇಂಜಿನಿಯರುಗಳ ಸಂಘ ಮತ್ತು ಕಾಂಗ್ರೆಸ್ ಗ್ರಂಥಾಲಯ ಸೇರಿ ನಡೆಸುವ ಕೆಲಸ ಅದು. ಬೇ ಬ್ರಿಜ್ಜಿನ ಚಿತ್ರಗಳೂ ವಿವರಗಳೂ ಅಲ್ಲಿ ಸೇರಿವೆ.

"ದಾಖಲೆ ಇದೆಯಲ್ಲಮ್ಮ, ಮತ್ತೆ ನೀವು ಹೋಗಿ ನೋಡುವುದೇನು?" ಎಂದೆ.

"ಅಪ್ಪಾ, ದಾಖಲೆ ಹೊರಗಿನಿಂದ ಬರೆದದ್ದು. ಬಿಚ್ಚಿದಾಗ ಒಳಗೆ ಕಾಣುವುದು ಒಂದೇ ಸಲ. ನೀವು ತಾಳೆಗರಿ ಕಟ್ಟು ಬಿಚ್ಚಿ ಓದುವುದಿಲ್ಲವೇ, ಹಾಗೆ," ಎಂದಳು.

ಮಗಳ ಉಪಮೆ ನನಗೆ ಒಪ್ಪಿತವಾಯಿತು. ಆದರೂ ತಾಳೆಗರಿಯನ್ನು ಮತ್ತೆ ಕಟ್ಟಿಡಬಹುದು. ಇದು ವೈದ್ಯರು ಮಾಡುವ ಶವಪರೀಕ್ಷೆಗೆ ಹೆಚ್ಚು ಹತ್ತಿರ. ಸೇತುವೆ ದುಡಿಯುತ್ತಿರುವಷ್ಟು ಕಾಲ ಪರೀಕ್ಷಕ ಅದರ ಮೈಯನ್ನು ಮಾತ್ರ ತಡವಬಲ್ಲ. ಎರಡು ತಗಡುಗಳ ನಡುವೆ ತುಕ್ಕು ಎಷ್ಟು ತಿಂದಿದೆ, ರಿವೆಟ್ಟಿನ ಕುತ್ತಿಗೆ ಸವೆದಿದೆಯೇ, ಕಾಂಕ್ರೀಟಿನ ಹೊಟ್ಟೆಯಲ್ಲಿ ಏನಾಗಿದೆ ಎಂಬುದು ಊಹೆಯ ಮಾತು. ಈ ಸೇತುವೆಯಲ್ಲಿಯೇ 2009ರ ಸೆಪ್ಟೆಂಬರಿನಲ್ಲಿ, ಬೇರೆ ಕೆಲಸಕ್ಕೆಂದು ಸಂಚಾರ ನಿಲ್ಲಿಸಿದ್ದಾಗ, ತುದಿಯಲ್ಲಿ ಕಣ್ಣಿನಂಥ ತೂತುಳ್ಳ ಉದ್ದನೆಯ ಉಕ್ಕಿನ ಪಟ್ಟಿಯೊಂದರಲ್ಲಿ ಬಿರುಕು ಕಂಡಿತು. ಹಗಲಿರುಳು ದುಡಿದು ಅದಕ್ಕೆ ಪಟ್ಟು ಹಾಕಿದರು. ಮರು ತಿಂಗಳು ಬಿರುಗಾಳಿಯ ಹೊತ್ತಿನಲ್ಲಿ ಆ ಪಟ್ಟಿನ ಭಾಗಗಳೇ ಕಳಚಿ ರಸ್ತೆಯ ಮೇಲೆ ಬಿದ್ದವು. ಇಂಥ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸೇತುವೆ ಬಿಚ್ಚುವಾಗಲ್ಲದೆ ಸಿಕ್ಕದು. ಅದೇ ಕಾಲದ ಬೇರೆ ನೂರಾರು ಸೇತುವೆಗಳ ಮೇಲೆ ಜನ ಇಂದಿಗೂ ಓಡಾಡುತ್ತಿರುವುದರಿಂದ, ಸತ್ತದ್ದನ್ನು ನೋಡಿ ಕಲಿತದ್ದು ಬದುಕಿರುವುದರ ಕೆಲಸಕ್ಕೆ ಬರುತ್ತದೆ.

ಏರ್ಪಾಡಿನ ಮೊದಲ ಹೆಜ್ಜೆಯೇ ನನಗೆ ಹೊಸದಾಗಿ ಕಂಡಿತು. ಬರುತ್ತೇನೆಂದು ಹೆಸರು ಕೊಟ್ಟ ಪ್ರತಿಯೊಬ್ಬರೂ ತಾವು ಏನನ್ನು ನೋಡಬೇಕೆಂದಿದ್ದೇವೆ ಎಂಬುದನ್ನು ಒಂದು ಅಂಚೆ ಕಾರ್ಡಿನಷ್ಟು ಕಾಗದದಲ್ಲಿ ಬರೆದು ಕಳಿಸಬೇಕೆಂದು ಮಗಳು ಕಟ್ಟಳೆ ಮಾಡಿದಳು. 'ಸೇತುವೆ' ಎಂದಷ್ಟೇ ಬರೆದವರ ಕಾಗದ ಹಿಂದಕ್ಕೆ ಹೋಯಿತು. ಒಬ್ಬರು ಇ-9 ಕಂಬದ ಬಳಿಯ ಬೋಲ್ಟುಗಳನ್ನು ಕೇಳಿದರು, ಇನ್ನೊಬ್ಬರು ಬಣ್ಣದ ಪದರಗಳನ್ನು. ಒಬ್ಬ ಹೆಂಗಸು, ಮಣ್ಣಿನ ಗುಣವನ್ನು ಅಭ್ಯಾಸ ಮಾಡಿದವರು, ಕಂಬಗಳ ಬುಡದ ಮರದ ಗೂಟಗಳ ವಿಷಯ ಕೇಳಿದರು. ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹೋಗಿ ಎಲ್ಲರೂ ಒಂದೇ ಕಡೆ ಕತ್ತೆತ್ತಿ ಬರುವುದಕ್ಕಿಂತ ಇದು ಮೇಲಲ್ಲವೇ? ನಮ್ಮ ಕಾಲೇಜುಗಳಿಂದ ಹಳೇಬೀಡು ಬೇಲೂರಿಗೆ ಹೋಗುವ ಪ್ರವಾಸಗಳಿಗೂ ಈ ಕಟ್ಟಳೆ ಹಾಕಬೇಕೆಂದು ನನಗನ್ನಿಸಿತು. ಆದರೆ ಹಾಗೆ ಮಾಡಿದರೆ ಬಸ್ಸು ಖಾಲಿ ಹೋದೀತೆಂಬ ಭಯವೂ ಇದೆ.

ಎರಡನೆಯದು ಅನುಮತಿ. ಕೆಲಸದ ಜಾಗದೊಳಕ್ಕೆ ಗುಂಪನ್ನು ಬಿಡಲಾಗದು, ದೋಣಿಯಲ್ಲಿ ಬಂದು ಗಡಿಯ ಹೊರಗೆ ನಿಂತು ನೋಡಬಹುದು ಎಂದು ಉತ್ತರ ಬಂತು. ಇದು ಅಧಿಕಾರಿಗಳ ದರ್ಪವಲ್ಲ. ಹಳೆಯ ಉಕ್ಕಿನ ಮೇಲಿನ ಬಣ್ಣದಲ್ಲಿ ಸೀಸವಿರುತ್ತದೆ; ಅನಿಲದ ಜ್ವಾಲೆಯಿಂದ ಉಕ್ಕನ್ನು ಕೊಯ್ಯುವಾಗ ಆ ಸೀಸ ಹೊಗೆಯಾಗಿ ಏಳುತ್ತದೆ. ಕೆಲಸಗಾರರೇ ಮುಖಕ್ಕೆ ಶೋಧಕ ಕಟ್ಟಿಕೊಂಡು ದುಡಿಯುವ ಜಾಗ ಅದು. ಮೊಮ್ಮಕ್ಕಳನ್ನು ಕರೆತರುತ್ತೇನೆಂದ ಒಬ್ಬ ಹಿರಿಯರಿಗೆ ಮಗಳು ವಿನಯವಾಗಿಯೇ ಆಗದೆಂದಳು. ಇನ್ನು ದಿನ ಗೊತ್ತುಮಾಡುವುದು. ಕಟ್ಟಡದ ಪ್ರಾರಂಭೋತ್ಸವಕ್ಕೆ ಮುಹೂರ್ತವಿಡಬಹುದು. ಬಿಚ್ಚುವುದಕ್ಕೆ ಗಾಳಿ ಮತ್ತು ಭರತ ಇಳಿತಗಳೇ ಜೋಯಿಸರು. ಸಾವಿರಾರು ಟನ್ ಉಕ್ಕನ್ನು ಮೇಲಿನಿಂದ ಚಪ್ಪಟೆ ದೋಣಿಯ ಮೇಲಕ್ಕೆ ಇಳಿಸುವಾಗ ಗಾಳಿ ಸ್ವಲ್ಪ ಜೋರಾದರೂ ಕೆಲಸ ನಿಲ್ಲುತ್ತದೆ. ಆದ್ದರಿಂದ ಮಗಳು ಎರಡು ಪಟ್ಟಿ ಮಾಡಿಕೊಂಡಿದ್ದಳು. ಹಿಂದಿನ ದಿನ ಹೇಳಿದರೂ ಬರಬಲ್ಲವರು ಒಂದರಲ್ಲಿ, ವಾರದ ಮುಂಚೆ ತಿಳಿಸಬೇಕಾದವರು ಇನ್ನೊಂದರಲ್ಲಿ. ದೋಣಿಯವನ ಜೊತೆ ಮಾತು, ಒಬ್ಬೊಬ್ಬರಿಗೂ ತೇಲು ಜಾಕೀಟು, ಅಪಾಯಕ್ಕೆ ತಾವೇ ಹೊಣೆಯೆಂದು ಬರೆದ ಕಾಗದಕ್ಕೆ ರುಜು, ಸಮುದ್ರರೋಗದವರಿಗೆ ಗುಳಿಗೆ. ರಾತ್ರಿ ಹನ್ನೊಂದಕ್ಕೆ ಈ ಪಟ್ಟಿಗಳನ್ನು ಅವಳು ತಿದ್ದುತ್ತ ಕುಳಿತಿದ್ದಾಗ, ಮದುವೆಮನೆಯ ಹಿರಿಯಳಂತೆ ಕಂಡಳು.

ಹೋಗುವ ಮುಂಚಿನ ಸಂಜೆ ತಂಡದವರು ಒಂದು ಕಡೆ ಸೇರಿದರು. ಕ್ಯಾಂಟಿಲಿವರ್ ಎಂದರೇನೆಂದು ನನ್ನಂಥವನಿಗೂ ತಿಳಿಯಲೆಂದು ಒಂದು ಹಳೆಯ ಆಟವನ್ನು ಆಡಿ ತೋರಿಸಿದರು. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನು ಕಟ್ಟುತ್ತಿದ್ದ ಬೆಂಜಮಿನ್ ಬೇಕರ್ 1887ರಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ತೋರಿಸಿದ್ದು ಅದು. ಇಬ್ಬರು ದೂರದೂರ ಕುರ್ಚಿಗಳ ಮೇಲೆ ಕುಳಿತು ಎರಡೂ ಕೈ ಚಾಚಿ, ಕುರ್ಚಿಯ ಬುಡಕ್ಕೆ ಊರಿದ ಕೋಲುಗಳ ತುದಿಗಳನ್ನು ಹಿಡಿದುಕೊಳ್ಳುತ್ತಾರೆ. ಹೊರಗಿನ ಕೈಗಳಿಗೆ ಇಟ್ಟಿಗೆಯ ರಾಶಿಯನ್ನು ಹಗ್ಗದಿಂದ ಕಟ್ಟಿರುತ್ತದೆ. ಒಳಗಿನ ಕೈಗಳ ನಡುವೆ ಒಂದು ಹಲಗೆಯನ್ನು ತೂಗಿಬಿಟ್ಟು ಅದರ ಮೇಲೆ ಮೂರನೆಯವನನ್ನು ಕೂರಿಸುತ್ತಾರೆ. ಬೇಕರನ ಕಾಲದಲ್ಲಿ ಹಾಗೆ ಕುಳಿತವನು ಕೈಚಿ ವಾಟನಾಬೆ ಎಂಬ ಜಪಾನೀ ಇಂಜಿನಿಯರ್. ಅಂದು ಕುಳಿತವನು ನಾನು, ಅಲ್ಲಿದ್ದವರಲ್ಲಿ ಹಗುರಾದವನೆಂಬ ಕಾರಣಕ್ಕೆ. ಕುಳಿತವನ ಭಾರದಿಂದ ಕೈಗಳು ಜಗ್ಗುತ್ತವೆ, ಕೋಲುಗಳು ಒತ್ತುತ್ತವೆ, ಹೊರಗಿನ ಇಟ್ಟಿಗೆಗಳು ಕುರ್ಚಿಯವರನ್ನು ಮುಗ್ಗರಿಸದಂತೆ ಹಿಡಿದಿಡುತ್ತವೆ. ಸೇತುವೆಯೆಂಬುದು ನಿಂತ ವಸ್ತುವಲ್ಲ, ಎಡೆಬಿಡದೆ ನಡೆಯುತ್ತಿರುವ ಜಗ್ಗಾಟ ಎಂಬುದು ನನಗೆ ಮೈಮೇಲೆಯೇ ತಿಳಿಯಿತು.

"ಈಗ ನಿಮ್ಮನ್ನು ಇಳಿಸಬೇಕು. ಮೊದಲು ಯಾವುದನ್ನು ಬಿಡಿಸೋಣ, ಹೇಳಿ ಅಪ್ಪಾ?" ಎಂದಳು ಮಗಳು.

ಹೊರಗಿನ ಇಟ್ಟಿಗೆಯ ಹಗ್ಗವನ್ನು ಮೊದಲು ಕೊಯ್ದರೆ ನಾನು ನೆಲಕ್ಕೆ, ಕುರ್ಚಿಯವರು ನನ್ನ ಮೇಲಕ್ಕೆ. ಮೊದಲು ನಾನು ಎದ್ದು ಹೋಗಬೇಕು, ಆಮೇಲೆ ಇಬ್ಬರೂ ಒಳಗಿನ ಕೈಗಳನ್ನು ಇಳಿಸಬೇಕು, ಇಟ್ಟಿಗೆ ಕೊನೆಯದು. ಅಂದರೆ ಕಟ್ಟಿದ ಕ್ರಮವನ್ನು ತಿರುಗಿಸಿ ಬಿಚ್ಚಬೇಕು. ಬೇ ಬ್ರಿಜ್ಜಿನಲ್ಲಿಯೂ ಹಾಗೆಯೇ ಮಾಡಿದರು. ನಡುವೆ ಕೊಯ್ದು ಎರಡೂ ಕಡೆಗೆ ತುಂಡುತುಂಡಾಗಿ ತೆಗೆಯುತ್ತ ಹಿಂದಕ್ಕೆ ಸರಿದರು. ಆದರೆ ಉಕ್ಕಿಗೆ ನನ್ನ ಹಾಗೆ ಎದ್ದು ಹೋಗುವುದು ತಿಳಿಯದು. ಸುಮಾರು ಎಂಬತ್ತು ವರ್ಷ ಎಳೆದು ಬಿಗಿದ ಬಿಲ್ಲಿನಂತೆ ನಿಂತಿದ್ದುದನ್ನು ಒಮ್ಮೆಲೇ ಕೊಯ್ದರೆ ಅದು ಸಿಡಿಯುತ್ತದೆ. ಜ್ಯಾಕುಗಳಿಂದ ಭಾರವನ್ನು ಹಿಡಿದು, ಬಿಗಿತವನ್ನು ಅಳೆದು ಅಳೆದು ಸಡಿಲಿಸಿದ ಮೇಲೆ ಕೊಯ್ಯಬೇಕು. ಅದಕ್ಕೆ 1930ರ ದಶಕದ ನಕ್ಷೆಗಳು ಬೇಕು, ಅಂದಿನವರು ಯಾವ ಕ್ರಮದಲ್ಲಿ ಜೋಡಿಸಿದರೆಂಬುದು ಗೊತ್ತಿರಬೇಕು. ಹಳೆಯ ಕಾಗದವನ್ನು ಕಸವೆಂದು ಎಸೆಯುವವರು ಈ ಒಂದು ಸಂಗತಿಯನ್ನು ಗಮನಿಸಬಹುದು.

ದೋಣಿಯಲ್ಲಿ ಹೋದ ದಿನ ಕ್ಯಾಂಟಿಲಿವರ್ ಇದ್ದ ಜಾಗ ಬರಿದಾಗಿತ್ತು. ಇ-3 ಎಂಬ ದೊಡ್ಡ ಕಂಬದ ಬುಡ ಮಾತ್ರ ನೀರಿನಲ್ಲಿ ಒಂಟಿಯಾಗಿ ನಿಂತಿತ್ತು. ಅದರಾಚೆ ಉಕ್ಕಿನ ತೊಲೆಗಳ ಸಾಲು: 504 ಅಡಿಯವು ಐದು, 288 ಅಡಿಯವು ಹದಿನಾಲ್ಕು, ಒಂದೊಂದಾಗಿ ಇಳಿಯಬೇಕಾಗಿದ್ದವು. ಪಕ್ಕದಲ್ಲಿ ಹೊಸ ಸೇತುವೆ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮ ಜೊತೆಗಿದ್ದವರಲ್ಲಿ ಒಬ್ಬ ನಿವೃತ್ತ ಇಂಜಿನಿಯರು 1989ರ ದುರಸ್ತಿಯಲ್ಲಿ ಕೆಲಸ ಮಾಡಿದವರು. ಇ-9ರ ಬಳಿ ಬಂದಾಗ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ರಸ್ತೆಯ ತುಂಡು ಕಂಬದ ಮೇಲೆ ಕುಳಿತಿದ್ದ ಆಸನದ ಅಗಲ ಕೆಲವೇ ಅಂಗುಲ, ಭೂಕಂಪ ತೊಲೆಯನ್ನು ಅದಕ್ಕಿಂತ ಸ್ವಲ್ಪ ಹೆಚ್ಚು ದೂರ ಎಳೆಯಿತು, ಹಿಡಿದಿದ್ದ ಬೋಲ್ಟುಗಳು ಕತ್ತರಿಸಿಹೋದವು, ತುಂಡು ಜಾರಿತು. ಇಷ್ಟು ಹೇಳಿ ಅವರು ಸುಮ್ಮನಾದರು. ಆಮೇಲೆ ತಮ್ಮ ಬೆರಳುಗಳನ್ನು ಅಗಲಿಸಿ ಆ ಅಂಗುಲಗಳನ್ನು ತೋರಿಸಿದರು. ಒಂದು ಜೀವಕ್ಕೂ ಸಾವಿಗೂ ನಡುವೆ ಅಷ್ಟೇ ಜಾಗವಿತ್ತು. ತರುಣರು ತಮ್ಮ ಕೈಬೆರಳುಗಳನ್ನೂ ಹಾಗೆಯೇ ಅಗಲಿಸಿ ನೋಡಿಕೊಂಡರು.

ಈ ದುರಸ್ತಿಗೆ ಸಂಬಂಧಿಸಿದ ಒಂದು ಸ್ವಾರಸ್ಯವೂ ಉಂಟು. 1989ರಲ್ಲಿ ತುಂಡನ್ನು ಮತ್ತೆ ಕೂರಿಸಿದ ಕಮ್ಮಾರರು ಯಾರ ಅಪ್ಪಣೆಯನ್ನೂ ಕೇಳದೆ ಗೇಣೆರಡು ಎತ್ತರದ ಒಂದು ಉಕ್ಕಿನ ಭೂತವನ್ನು ಸೇತುವೆಯ ಹೊರ ಪಕ್ಕಕ್ಕೆ ಬೆಸೆದುಬಿಟ್ಟರು. ಉತ್ತರ ಯೂರೋಪಿನ ಕಥೆಗಳಲ್ಲಿ ಸೇತುವೆಯ ಕೆಳಗೆ ವಾಸಿಸುವ ಟ್ರೋಲ್ ಎಂಬ ಭೂತ ಅದು. ಮೇಲೆ ಕಾರಿನಲ್ಲಿ ಹೋಗುವವರಿಗೆ ಕಾಣುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದು ಸೇತುವೆಯನ್ನು ಕಾಯಿತು ಎಂದು ಜನ ನಂಬಿದರು. ಕೆಡಹುವ ಮುಂಚೆ ಅದನ್ನು ಜೋಪಾನವಾಗಿ ತೆಗೆದಿಟ್ಟರು. ಹೊಸ ಸೇತುವೆಗೆ ಹೊಸ ಭೂತವನ್ನೂ ಕೂರಿಸಿದರು. ನೀರಿನ ಮೇಲೆ ಕಟ್ಟುವ ಕೆಲಸಕ್ಕೆ ಒಂದು ಜೀವದ ಕಾವಲು ಬೇಕೆಂಬ ನಂಬಿಕೆ ಎಷ್ಟು ಹಳೆಯದು! ನಮ್ಮ 'ಕೆರೆಗೆ ಹಾರ'ದ ಭಾಗೀರಥಿಯನ್ನು ಬಲ್ಲ ನಮಗೆ, ಗ್ರೀಸಿನ ಆರ್ತಾ ಎಂಬ ಊರಿನ ಸೇತುವೆ ನಿಲ್ಲಲೆಂದು ಮೇಸ್ತ್ರಿಯ ಹೆಂಡತಿಯನ್ನು ಕಂಬದಲ್ಲಿಟ್ಟು ಕಟ್ಟಿದ ಹಾಡು ಪರಕೀಯವಲ್ಲ. ಈ ಜಾತಿಯ ಬಾಲ್ಕನ್ ಹಾಡುಗಳ ಪಕ್ಕದಲ್ಲಿ ಭಾರತದ ಹಾಡುಗಳನ್ನಿಟ್ಟು ಅಭ್ಯಾಸ ಮಾಡಿದ, 1996ರಲ್ಲಿ ಅವುಗಳ ಮೇಲೆ ಒಂದು ಗ್ರಂಥವನ್ನೇ ಸಂಪಾದಿಸಿದ ಜಾನಪದ ವಿದ್ವಾಂಸ ಅಲನ್ ಡಂಡಿಸ್ ಪಾಠ ಹೇಳುತ್ತಿದ್ದದ್ದು ಇದೇ ಕೊಲ್ಲಿಯ ದಡದ ಬರ್ಕ್ಲಿಯಲ್ಲಿ. ದೋಣಿಯಲ್ಲಿ ಈ ಮಾತೆತ್ತಿದಾಗ ಇಂಜಿನಿಯರುಗಳು ಮೊದಲು ನಕ್ಕರು. ಟೋಪಿ ತೆಗೆದ ಹಿರಿಯರು ನಗಲಿಲ್ಲ.

ಅವರು ಎರಡನೆಯ ಭೇಟಿಗೆ ಬರಲೊಪ್ಪಲಿಲ್ಲ. ಎರಡನೆಯದು ಇ-3 ಕಂಬವನ್ನು ಸಿಡಿಸುವ ದಿನ, ನವೆಂಬರ್ 14ರ ಶನಿವಾರ. "ಬಿಚ್ಚುವುದನ್ನು ನೋಡಬಲ್ಲೆ. ಜನ ಕಾಫಿ ಹಿಡಿದುಕೊಂಡು ನಿಂತು ಚಪ್ಪಾಳೆ ತಟ್ಟುವುದನ್ನು ನೋಡಲಾರೆ," ಎಂದರಂತೆ. ತಂಡದಲ್ಲಿ ಇದರ ಬಗ್ಗೆ ಚರ್ಚೆಯಾಯಿತು. ಇದು ತಮಾಷೆ ನೋಡುವುದಾಗುತ್ತದೆ, ಬೇಡವೆಂದರು ಕೆಲವರು. ಮಗಳು ವಾದಕ್ಕೆ ಹೋಗದೆ ಒಂದು ಹಾಳೆ ಹಂಚಿದಳು. ಏಕೆ ಸಿಡಿಸುತ್ತಾರೆ, ಹೇಗೆ ಸಿಡಿಸುತ್ತಾರೆ, ಅದರಿಂದ ಮೀನುಗಳಿಗೆ ಏನಾಗುತ್ತದೆ ಎಂಬುದಿತ್ತು ಅದರಲ್ಲಿ. ಓದಿ ಬರುವವರು ಬರಬಹುದು.

ಆ ಹಾಳೆಯ ಸಾರ ಇಷ್ಟು. ಇ-3 ಎಂಬುದು ಘನವಾದ ಕಂಬವಲ್ಲ. ಜೇನಿನ ಹುಟ್ಟಿನಂತೆ ಕೋಣೆಕೋಣೆಯಾಗಿ ಟೊಳ್ಳು. ಕೊಲ್ಲಿಯ ಕೆಸರಿನೊಳಕ್ಕೆ ಬಹು ಆಳ ಇಳಿದಿದೆ. ಸುತ್ತ ನೀರು ತಡೆಯುವ ಗೋಡೆ ಕಟ್ಟಿ, ನೀರು ಹೊರಗೆತ್ತಿ, ಒಡೆಯುತ್ತ ಹೋದರೆ ವರ್ಷಗಟ್ಟಲೆ ಆ ಜಾಗದ ನೀರು ಕದಡುತ್ತದೆ. ಅದರ ಬದಲು ಗೋಡೆಗಳಲ್ಲಿ ತೂತು ಕೊರೆದು ಸುಮಾರು 600 ಸಣ್ಣ ಮದ್ದಿನ ಕಟ್ಟುಗಳನ್ನು ಇಟ್ಟು, ಎಲ್ಲವನ್ನೂ ಒಟ್ಟಿಗೆ ಅಲ್ಲದೆ ಒಂದರ ಹಿಂದೊಂದರಂತೆ ಕ್ಷಣದ ಅಂತರದಲ್ಲಿ ಸಿಡಿಸಿದರೆ, ಗೋಡೆ ತನ್ನ ಟೊಳ್ಳಿನೊಳಕ್ಕೇ ಕುಸಿದು ಕೆಸರಿನ ಮಟ್ಟದಿಂದ ಕೆಳಗೆ ತುಂಬಿಕೊಳ್ಳುತ್ತದೆ. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲವಿರುತ್ತದೆ. ಸಿಡಿತದ ಒತ್ತಡ ನೀರಿನಲ್ಲಿ ಹರಿದು ಬಂದರೆ ಅದು ಒಡೆಯುತ್ತದೆ. ಇದಕ್ಕೆ ಕಂಬದ ಸುತ್ತ ನೀರಿನಡಿಯಲ್ಲಿ ಕೊಳವೆ ಹಾಕಿ ಗಾಳಿಯೂದಿ ಗುಳ್ಳೆಗಳ ಒಂದು ಪರದೆ ಎಬ್ಬಿಸುತ್ತಾರೆ. ನೀರು ಅದುಮಿದರೆ ಅದುಮಿಕೊಳ್ಳದು, ಗಾಳಿ ಅದುಮಿಕೊಳ್ಳುತ್ತದೆ. ಆದ್ದರಿಂದ ಗುಳ್ಳೆಗಳು ಒತ್ತಡವನ್ನು ನುಂಗುತ್ತವೆ. ಸೀಲ್ ಮೊದಲಾದ ಕಡಲ ಪ್ರಾಣಿಗಳು ಹತ್ತಿರ ಸುಳಿದರೆ ಸಿಡಿತವನ್ನು ತಡೆಯಲು ಕಾವಲಿನವರೂ ಇರುತ್ತಾರೆ.

ಬೆಳಗ್ಗೆ ಏಳು ದಾಟಿದ ಮೇಲೆ, ಓಕ್ಲೆಂಡ್ ಕಡೆಯ ದಡದಲ್ಲಿ ಬಹು ದೂರ ನಿಂತು ನೋಡಿದೆವು. ಹೊಸ ಸೇತುವೆಯ ಮೇಲೆ ಸಂಚಾರ ನಿಂತಿತು. ಆರೇ ಸೆಕೆಂಡು. ನೀರೂ ಹೊಗೆಯೂ ಬೆರೆತು ಮೇಲೆದ್ದವು, ಸದ್ದು ಒಂದಿಷ್ಟು ತಡವಾಗಿ ಬಂತು, ಆಮೇಲೆ ಅಲ್ಲಿ ಏನೂ ಇರಲಿಲ್ಲ. ಅಲ್ಲಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ನಮ್ಮ ತಂಡದವರು ತಟ್ಟಲಿಲ್ಲ. ಅವರು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಇದನ್ನು ಹೊಗಳಿಕೆಗೆಂದು ಹೇಳುತ್ತಿಲ್ಲ. ಬರೆಯದಿದ್ದರೆ ಮಗಳು ಬಿಡುತ್ತಿರಲಿಲ್ಲ. ಹತ್ತು ದಿನದೊಳಗೆ ಪ್ರತಿಯೊಬ್ಬರೂ ತಾವು ಮೊದಲು ಕೇಳಿದ್ದ ಪ್ರಶ್ನೆಗೆ ಉತ್ತರವಾಗಿ ಒಂದು ಪುಟವನ್ನಾದರೂ ಕೊಡಬೇಕೆಂಬುದು ಭೇಟಿಯ ಕರಾರು.

ಅಂದು ಮಧ್ಯಾಹ್ನ ಮಗಳು ನನ್ನನ್ನೂ ಕರೆದುಕೊಂಡು, ಬರಲೊಪ್ಪದ ಹಿರಿಯರ ಮನೆಗೆ ಹೋದಳು. ಅವರು ಏನಾಯಿತೆಂದು ಕೇಳಲಿಲ್ಲ. ಒಳಗಿನಿಂದ ಮೂರು ದಪ್ಪ ನೋಟ್ ಪುಸ್ತಕ ತಂದಿಟ್ಟರು. 1989ರ ಆ ಒಂದು ತಿಂಗಳು ದಿನದಿನವೂ ಅವರು ಬರೆದಿಟ್ಟದ್ದು. ಎಷ್ಟು ಅಳತೆ, ಯಾವ ತೊಲೆ, ಯಾವ ಪಾಳಿಯಲ್ಲಿ ಯಾರು, ಮಳೆ ಬಂತೇ ಇಲ್ಲವೇ. "ಇದು ಯಾವ ಕಚೇರಿಯ ಕಡತದಲ್ಲಿಯೂ ಇಲ್ಲ. ನಾನು ಹೋದ ಮೇಲೆ ಮಕ್ಕಳು ಇದನ್ನು ರದ್ದಿಗೆ ಹಾಕುತ್ತಾರೆ. ಅದು ಅವರ ತಪ್ಪಲ್ಲ," ಎಂದರು. ಅವರು ಎರಡು ಭೇಟಿಗಳಿಗೂ ಬಂದಿದ್ದರೆ ಇವನ್ನು ಕೊಡುತ್ತಿದ್ದರೋ ಇಲ್ಲವೋ, ಹೇಳುವುದು ಕಷ್ಟ. ಭೇಟಿಯ ಏರ್ಪಾಡಿನಿಂದ ದೊರೆತ ದೊಡ್ಡ ಲಾಭ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಈ ಮೂರು ಪುಸ್ತಕಗಳನ್ನು ಹೇಳುತ್ತೇನೆ. ಮಗಳು ಅವುಗಳ ಪುಟಪುಟವನ್ನೂ ಪ್ರತಿ ತೆಗೆಸಿ ಮೂಲವನ್ನು ಅವರಿಗೇ ಹಿಂದಿರುಗಿಸಿದಳು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೇರೆ ಕಂಬಗಳನ್ನು 2016 ಮತ್ತು 2017ರಲ್ಲಿ ಇದೇ ರೀತಿಯಲ್ಲಿ ಸಿಡಿಸಿದರು. ದಡಕ್ಕೆ ಹತ್ತಿರದ ಕೆಲವನ್ನು ಮಾತ್ರ ಜನ ನಿಂತು ಕೊಲ್ಲಿಯನ್ನು ನೋಡಲೆಂದು ಉಳಿಸಿಕೊಂಡರು. ಉಕ್ಕಿನ ಒಂದು ಪಾಲು ಓಕ್ಲೆಂಡಿನ ವಸ್ತುಸಂಗ್ರಹಾಲಯದ ಮೂಲಕ ಕಲಾವಿದರ ಕೈ ಸೇರಿತು. ಹಳೆಯ ತೊಲೆಗಳಲ್ಲಿ ಗೂಡು ಕಟ್ಟಿಕೊಂಡಿದ್ದ ನೀರುಕಾಗೆಗಳಿಗೆಂದು ಹೊಸ ಸೇತುವೆಯ ಕೆಳಗೆ ಮಣೆಗಳನ್ನು ಕಟ್ಟಿ, ಗೊಂಬೆ ಹಕ್ಕಿಗಳನ್ನಿಟ್ಟು, ಹಕ್ಕಿಯ ಕೂಗನ್ನು ಯಂತ್ರದಲ್ಲಿ ಹಾಕಿ ಕರೆದರೂ ಅವು ಹಳೆಯ ಮನೆ ಇರುವವರೆಗೆ ಬಿಟ್ಟು ಹೊರಡಲು ಬಹಳ ಸತಾಯಿಸಿದವು. ಮಣ್ಣಿನ ಗುಣ ಬಲ್ಲ ಆ ಹೆಂಗಸು ಬರೆದ ಪುಟವನ್ನು ಮಗಳು ನನಗೆ ಕಳಿಸಿದ್ದಳು. ಓಕ್ಲೆಂಡ್ ಕಡೆಯ ಕಂಬಗಳ ಬುಡಕ್ಕೆ 1930ರ ದಶಕದಲ್ಲಿ ಹೊಡೆದ ಮರದ ಗೂಟಗಳು ಗಾಳಿ ಸೋಕದ ಕೆಸರಿನಲ್ಲಿ ಕೊಳೆಯುವುದಿಲ್ಲವೆಂದೂ, ಕಂಬಗಳನ್ನು ಕೆಸರಿನ ಮಟ್ಟಕ್ಕಿಂತ ಒಂದಿಷ್ಟು ಕೆಳಗಿನವರೆಗೆ ಮಾತ್ರ ತೆಗೆಯುವುದರಿಂದ ಆ ಗೂಟಗಳು ಇದ್ದಲ್ಲಿಯೇ ಉಳಿಯುತ್ತವೆಂದೂ, ಅವುಗಳ ಸ್ಥಾನಗಳನ್ನು ನಕ್ಷೆಯಲ್ಲಿ ಗುರುತಿಸಿಡದಿದ್ದರೆ ಮುಂದೆ ಅಲ್ಲಿ ಪಾಯ ತೋಡುವವರಿಗೆ ತೊಂದರೆಯೆಂದೂ ಅದರಲ್ಲಿ ಬರೆದಿದ್ದರು. ಜೊತೆಗೆ ಕೈಯಿಂದ ಬರೆದ ಒಂದು ನಕ್ಷೆಯೂ ಇತ್ತು.